ಹೊರಗೆ ಕೂತು ಓದಲು ಟ್ಯಾಬ್ಲೆಟ್ಟೋ, ಇ-ರೀಡರೋ? ಕನ್ನಡ ಓದುಗರಿಗೊಂದು ಸಮಗ್ರ ಮಾರ್ಗದರ್ಶಿ

ಬಿಸಿಲಲ್ಲಿ ಓದಲು ಇ-ರೀಡರೇ (ಕಿಂಡಲ್‌ನಂಥ, ಓದಲೆಂದೇ ಮಾಡಿದ ಸಾಧನ) ಸರಿ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾತು ನಿಜವೇ. ಆದರೆ ಅದೊಂದೇ ಮಾತು ನಂಬಿ ದುಡ್ಡು ಹಾಕಿದರೆ ಕನ್ನಡ ಓದುಗರು ಪೇಚಿಗೆ ಸಿಗುವ ಸಾಧ್ಯತೆ ಜಾಸ್ತಿ. ಸ್ಕ್ರೀನು ಚೆನ್ನಾಗಿಯೇ ಇರುತ್ತದೆ. ತೊಂದರೆ ಬರುವುದು ಪುಸ್ತಕದ ಕಡೆಯಿಂದ. ಇಂಟರ್‌ನೆಟ್ಟಿನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಹೊಸ ಇ-ಪುಸ್ತಕಗಳಲ್ಲಿ ಹಲವು ಯಾವುದಾದರೊಂದು ಆ್ಯಪ್‌ನ ಒಳಗಷ್ಟೇ ತೆರೆದುಕೊಳ್ಳುತ್ತವೆ. ಇವೆರಡೂ 6 ಇಂಚಿನ ಸಾಮಾನ್ಯ ಇ-ರೀಡರ್‌ಗೆ ಹೊಂದುವುದಿಲ್ಲ.

ಹಾಗಾಗಿ ಇಲ್ಲಿ ಮೊದಲು ನೀವು ಕೂರುವ ಜಾಗದ ಬೆಳಕು ನೋಡೋಣ. ಆಮೇಲೆ ನಿಮ್ಮ ಪುಸ್ತಕಗಳ ಫೈಲು. ಯಾವ ಸಾಧನ ಅನ್ನುವುದು ಅದಾದ ಮೇಲೆ. ಮನೆಯಲ್ಲಿ ಈಗಾಗಲೇ ಒಂದು ಟ್ಯಾಬ್ ಇದ್ದರೆ, ಮೊದಲ ನಾಲ್ಕು ಹಂತ ಮುಗಿಸುವವರೆಗೆ ಏನನ್ನೂ ಕೊಳ್ಳಬೇಡಿ.

ಹಂತ 1: ಎರಡು ಸ್ಕ್ರೀನ್‌ಗಳ ಕೆಲಸ ತಿಳಿದುಕೊಳ್ಳಿ

ಟ್ಯಾಬ್‌ನ ಸ್ಕ್ರೀನ್ ತನ್ನದೇ ಬೆಳಕು ಚೆಲ್ಲುತ್ತದೆ. ಇ-ರೀಡರ್‌ನ ಸ್ಕ್ರೀನ್ ಹೊರಗಿನ ಬೆಳಕನ್ನೇ ವಾಪಸ್ ಕಳಿಸುತ್ತದೆ. ಅದರೊಳಗೆ ಕೂದಲೆಳೆಯಷ್ಟು ದಪ್ಪದ ಪುಟ್ಟ ಪುಟ್ಟ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯಲ್ಲೂ ಕಪ್ಪು ಮತ್ತು ಬಿಳಿ ಬಣ್ಣದ ಕಣಗಳು. ವಿದ್ಯುತ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ವಿದ್ಯುತ್ ನಿಲ್ಲಿಸಿದರೂ ಕಣಗಳು ಅಲ್ಲೇ ಇರುತ್ತವೆ. ಸ್ಕ್ರೀನಿಗೆ ಪುಟ ತಿರುಗಿಸುವಾಗ ಮಾತ್ರ ಬ್ಯಾಟರಿ ಬೇಕು. ಕತ್ತಲಲ್ಲಿ ಓದಲು ಒಳಗಿರುವ ಪುಟ್ಟ ಲೈಟಿನ ಖರ್ಚು ಬೇರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ತಂತ್ರಕ್ಕಾಗಿ 1997ರಲ್ಲಿ ಇ ಇಂಕ್ ಕಂಪನಿ ಶುರುವಾಯಿತು. 2004ರಲ್ಲಿ ಜಪಾನಿನಲ್ಲಿ ಈ ಸ್ಕ್ರೀನಿನ ಸೋನಿ ಲಿಬ್ರಿಯೆ ಎಂಬ ಇ-ರೀಡರ್ ಬಂತು. 2007ರಲ್ಲಿ ಅಮೆಜಾನಿನ ಕಿಂಡಲ್ ಬಂತು.

ಈಗ ಸ್ವಲ್ಪ ಲೆಕ್ಕ. ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ತಾನಾಗಿ ಹೊಳೆಯುತ್ತದೆ. ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ, ಸ್ಕ್ರೀನ್ ಕಾಣುವ ಹೊಳಪನ್ನು ನಿಟ್ಸ್‌ನಲ್ಲಿ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ಅಷ್ಟು ಬಿಸಿಲಲ್ಲಿ ಬಿಳಿ ಕಾಗದ ಸುಮಾರು 25,000 ನಿಟ್ಸ್ ಹೊಳೆಯುತ್ತದೆ. ಇ-ರೀಡರ್ ಕಾಗದದಷ್ಟು ಬಿಳಿ ಇರುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 40 ಭಾಗ ಹಿಂದಿರುಗಿಸುತ್ತದೆ. ಆದರೂ 12,000 ನಿಟ್ಸ್ ದಾಟುತ್ತದೆ. ಸಾಮಾನ್ಯ ಐಪ್ಯಾಡ್ 500 ನಿಟ್ಸ್. ಕಡಿಮೆ ಬೆಲೆಯ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ 300ರಿಂದ 400 ಇದ್ದರೆ ಹೆಚ್ಚು. 2024ರ ಐಪ್ಯಾಡ್ ಪ್ರೊ 1,000 ನಿಟ್ಸ್ ಕೊಡುತ್ತದೆ, ಅದಕ್ಕೆ ತಕ್ಕ ಬೆಲೆಯೂ ಇದೆ.

ಹೊಳಪು ಕಡಿಮೆ ಅನ್ನುವುದು ಅರ್ಧ ಕಥೆ. ಇನ್ನರ್ಧ ಗಾಜಿನದು. ಲೇಪನವಿಲ್ಲದ ಗಾಜಿನ ಒಂದು ಮೈ ತನ್ನ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ 4 ಭಾಗವನ್ನು ಕನ್ನಡಿಯ ಹಾಗೆ ತಿರುಗಿಸುತ್ತದೆ. 4 ಎಂದರೆ ಏನು ಮಹಾ ಅನಿಸಬಹುದು. ಆದರೆ ಬೆಳಗುವ ಆಕಾಶ 5,000 ನಿಟ್ಸ್ ಇದ್ದರೆ ಗಾಜಿನಲ್ಲಿ ಅದರ ಬಿಂಬವೇ 200 ನಿಟ್ಸ್. ಆ 200 ನಿಟ್ಸ್ ಕಪ್ಪು ಅಕ್ಷರದ ಮೇಲೂ ಬೀಳುತ್ತದೆ, ಬಿಳಿ ಜಾಗದ ಮೇಲೂ ಬೀಳುತ್ತದೆ. 500 ನಿಟ್ಸ್‌ನ ಟ್ಯಾಬ್‌ನಲ್ಲಿ ಬಿಳಿ 700 ಆಯಿತು, ಕಪ್ಪು 200 ಆಯಿತು. ಕೋಣೆಯಲ್ಲಿ ಸಾವಿರ ಪಟ್ಟು ಇದ್ದ ವ್ಯತ್ಯಾಸ ಹೊರಗೆ ಮೂರೂವರೆ ಪಟ್ಟಿಗೆ ಇಳಿಯಿತು. ಅದರ ಮೇಲೆ ಟೆಂಪರ್ಡ್ ಗ್ಲಾಸ್ ಅಂಟಿಸಿ, ನಡುವೆ ಗಾಳಿ ಸೇರಿಕೊಂಡಿದ್ದರೆ ಇನ್ನೂ ಇಳಿಯುತ್ತದೆ. ಇ-ರೀಡರ್‌ನಲ್ಲಿ ಕಪ್ಪು-ಬಿಳುಪಿನ ವ್ಯತ್ಯಾಸ ಕೋಣೆಯಲ್ಲೇ ಹತ್ತು ಹದಿನೈದು ಪಟ್ಟು ಅಷ್ಟೇ. ಆದರೆ ಬಿಸಿಲು ಏರಿದಂತೆ ಅಕ್ಷರವೂ ಪುಟವೂ ಒಟ್ಟಿಗೇ ಬೆಳಗುವುದರಿಂದ ಆ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಹಂತ 2: ನೀವು ಕೂರುವ ಜಾಗದ ಬೆಳಕು ಅಳೆಯಿರಿ

"ಹೊರಗೆ" ಅಂದರೆ ಎಲ್ಲಿ? ಮನೆಯ ಜಗಲಿಯೇ, ತಾರಸಿಯೇ, ಪಾರ್ಕಿನ ಬೆಂಚೇ, ತೋಟದ ಕಟ್ಟೆಯೇ? ಇವುಗಳ ನಡುವೆ ನೂರು ಪಟ್ಟು ವ್ಯತ್ಯಾಸ ಇರುತ್ತದೆ.

ಅಳೆಯಲು ಆಂಡ್ರಾಯ್ಡ್ ಫೋನ್ ಸಾಕು. ಲಕ್ಸ್ ಮೀಟರ್ ಅಂತ ಹುಡುಕಿದರೆ ಉಚಿತ ಆ್ಯಪ್‌ಗಳು ಸಿಗುತ್ತವೆ. ಫೋನಿನ ಮುಂಭಾಗದ ಮೇಲಂಚಿನಲ್ಲಿರುವ ಸೆನ್ಸರ್ ಬಳಸಿ ಅವು ಅಳೆಯುತ್ತವೆ. ಪ್ರಯೋಗಾಲಯದ ನಿಖರತೆ ಇರುವುದಿಲ್ಲ, ನಮಗೆ ಬೇಕಾಗಿಯೂ ಇಲ್ಲ. ನೀವು ದಿನಾ ಕೂರುವ ಜಾಗದಲ್ಲಿ, ಕೂರುವ ಹೊತ್ತಿನಲ್ಲೇ, ಪುಸ್ತಕ ಹಿಡಿಯುವ ಎತ್ತರದಲ್ಲಿ ಫೋನನ್ನು ಪುಟದ ಹಾಗೆ ಹಿಡಿದು ಅಂಕಿ ಬರೆದುಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ನೋಡಿ.

ನನ್ನ ಲೆಕ್ಕ ಹೀಗಿದೆ. 2,000 ಲಕ್ಸ್ ಒಳಗಿದ್ದರೆ ಯಾವ ಟ್ಯಾಬ್ ಆದರೂ ನಡೆಯುತ್ತದೆ. ಒಳಚಾಚಿದ ಜಗಲಿ, ಹೆಂಚಿನ ಮಾಡಿನ ಕೆಳಗಿನ ಪಡಸಾಲೆ, ಕಿಟಕಿ ಪಕ್ಕದ ಕುರ್ಚಿ ಇವೆಲ್ಲ ಸಾಮಾನ್ಯವಾಗಿ ಇಲ್ಲೇ ಬರುತ್ತವೆ. 2,000ದಿಂದ 10,000 ಲಕ್ಸ್‌ವರೆಗೆ ಟ್ಯಾಬ್ ನಡೆಯುತ್ತದೆ, ಆದರೆ ಕೂರುವ ದಿಕ್ಕು ಸರಿ ಇರಬೇಕು. ಅದಕ್ಕೂ ಮೇಲೆ ಹೋದರೆ ಇ-ರೀಡರ್ ಅಥವಾ ಕಾಗದದ ಪುಸ್ತಕ.

ಮರದ ಕೆಳಗೆ ಅಳೆಯುವಾಗ ಒಂದು ವಿಷಯ ಗಮನಿಸಿ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು ಓದುವವರನ್ನು ನೋಡಿದ್ದೀರಲ್ವಾ? ಅಲ್ಲಿನ ನೆರಳು ಒಂದೇ ಸಮ ಇರುವುದಿಲ್ಲ. ಎಲೆಗಳ ನಡುವಿಂದ ಬಿಸಿಲಿನ ಚುಕ್ಕೆಗಳು ಬೀಳುತ್ತವೆ, ಗಾಳಿಗೆ ಅಲ್ಲಾಡುತ್ತವೆ. ಟ್ಯಾಬ್ ಮೇಲೆ ಆ ಚುಕ್ಕೆ ಬಿದ್ದ ಕಡೆ ಬೆರಳಚ್ಚು, ದೂಳು ಎದ್ದು ಕಂಡು ಸಾಲು ಮಸುಕಾಗುತ್ತದೆ. ಇ-ರೀಡರ್ ಮೇಲೂ ಚುಕ್ಕೆ ಕಾಣುತ್ತದೆ, ಓದಲು ಅಡ್ಡಿಯಾಗುವುದಿಲ್ಲ. ಇಂಥ ಜಾಗದಲ್ಲಿ ಸರಾಸರಿ ಅಂಕಿ ನಂಬಬೇಡಿ. ಚುಕ್ಕೆಯೊಳಗಿನ ಅಂಕಿಯನ್ನೇ ಹಿಡಿಯಿರಿ.

ಹಂತ 3: ಕೂರುವ ದಿಕ್ಕು ಬದಲಿಸಿ ನೋಡಿ

ದುಡ್ಡಿಲ್ಲದೆ ಆಗುವ ಕೆಲಸ ಇದು. ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಅತ್ಯಂತ ಉಪಯೋಗದ ಮಾತೂ ಇದೇ.

ಟ್ಯಾಬ್‌ನ ಗಾಜು ಒಂದು ಕನ್ನಡಿ. ಅದರಲ್ಲಿ ಕಾಣುವುದು ನಿಮ್ಮ ಹಿಂದೆ ಮತ್ತು ತಲೆಯ ಮೇಲೆ ಏನಿದೆಯೋ ಅದು. ಅಲ್ಲಿ ಆಕಾಶ ಇದ್ದರೆ ಅಕ್ಷರ ಮುಳುಗುತ್ತದೆ. ಗಾಢ ಬಣ್ಣದ ಗೋಡೆ, ದಟ್ಟ ಮರ, ಹೆಂಚಿನ ಒಳಮೈ ಇದ್ದರೆ ಅಕ್ಷರ ಎದ್ದು ಕಾಣುತ್ತದೆ. ಟ್ಯಾಬನ್ನು ಆಫ್ ಮಾಡಿ ಓದುವ ಭಂಗಿಯಲ್ಲಿ ಹಿಡಿಯಿರಿ. ಕಪ್ಪು ಗಾಜಿನಲ್ಲಿ ಏನೇನು ಕಾಣುತ್ತದೆ ನೋಡಿ. ಬೆಳ್ಳಗೆ ಕಾಣುವುದೇ ನಿಮ್ಮ ಶತ್ರು. ಕುರ್ಚಿ ತಿರುಗಿಸಿ, ಟ್ಯಾಬನ್ನು ಸ್ವಲ್ಪ ನೆಟ್ಟಗೆ ಹಿಡಿಯಿರಿ, ಆ ಬಿಳುಪು ಜಾರಿ ಹೋಗುವ ಕೋನ ಹುಡುಕಿ. ಆಮೇಲೆ ಆನ್ ಮಾಡಿ.

ಜಗಲಿಯಲ್ಲಾದರೆ ಬೆನ್ನು ಗೋಡೆಗೆ, ಮುಖ ಅಂಗಳಕ್ಕೆ ಇರಲಿ. ಬಿಳಿ ಅಂಗಿ ತೊಟ್ಟರೆ ಅದೂ ಗಾಜಿನಲ್ಲಿ ಕಾಣುತ್ತದೆ. ಕಡು ನೀಲಿ, ಕಂದು ಬಣ್ಣದ ಬಟ್ಟೆ ಹಾಕಿಕೊಂಡರೆ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ತಾರಸಿಯಲ್ಲಾದರೆ ಹಳೆಯ ಕಪ್ಪು ಕೊಡೆ ಬಹಳ ಒಳ್ಳೆಯ ಸಲಕರಣೆ. ಅದು ಬಿಸಿಲನ್ನೂ ತಡೆಯುತ್ತದೆ, ಗಾಜಿನಲ್ಲಿ ಆಕಾಶದ ಬದಲು ಕಪ್ಪು ಬಟ್ಟೆ ಕಾಣುವಂತೆಯೂ ಮಾಡುತ್ತದೆ.

ಇ-ರೀಡರ್‌ಗೆ ದಿಕ್ಕಿನ ಚಿಂತೆ ಅಷ್ಟಿಲ್ಲ. ಹಾಗಂತ ಸುಡುಬಿಸಿಲಲ್ಲೇ ಕೂತು ಓದಬೇಡಿ. 12,000 ನಿಟ್ಸ್ ಹೊಳೆಯುವ ಪುಟ ಕಣ್ಣಿಗೆ ಕುಕ್ಕುತ್ತದೆ. ಕಾಗದದ ಪುಸ್ತಕವನ್ನೂ ನಾವು ಬಿಸಿಲಿಗೆ ಬೆನ್ನು ಮಾಡಿ, ನಮ್ಮದೇ ನೆರಳು ಪುಟದ ಮೇಲೆ ಬೀಳಿಸಿಕೊಂಡೇ ಓದುವುದಲ್ವಾ? ಇಲ್ಲೂ ಹಾಗೇ ಮಾಡಿ.

ತಂಪು ಕನ್ನಡಕ ಹಾಕುವವರಿಗೆ ಒಂದು ಮಾತು. ಪೋಲರೈಸ್ಡ್ ಕನ್ನಡಕದಲ್ಲಿ ಟ್ಯಾಬ್ ಸ್ಕ್ರೀನ್ ಒಂದು ದಿಕ್ಕಿನಲ್ಲಿ ಮಂಕಾಗಬಹುದು, ಪೂರ್ತಿ ಕಪ್ಪೂ ಆಗಬಹುದು. ಅಡ್ಡಕ್ಕೆ ತಿರುಗಿಸಿ ನೋಡಿ. ಇ-ರೀಡರ್‌ನಲ್ಲಿ ಈ ಕಾಟ ಇಲ್ಲ.

ಹಂತ 4: ನಿಮ್ಮ ಪುಸ್ತಕಗಳನ್ನು ಮೂರು ಗುಂಪು ಮಾಡಿ

ಮುಂದಿನ ಕೆಲವು ತಿಂಗಳಲ್ಲಿ ಓದಬೇಕು ಅಂದುಕೊಂಡಿರುವ ಪುಸ್ತಕಗಳ ಪಟ್ಟಿ ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾವ ರೂಪದಲ್ಲಿ ಸಿಗುತ್ತದೆ ಎಂದು ಗುರುತು ಹಾಕಿ.

ಮೊದಲ ಗುಂಪು ಯುನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಇಪಬ್. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದು ಹೊಂದಿಕೊಳ್ಳುವ ಫೈಲು ಇದು. ಇಂಗ್ಲಿಷ್ ಪುಸ್ತಕಗಳು ಬಹುತೇಕ ಹೀಗೇ ಸಿಗುತ್ತವೆ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಪುಸ್ತಕಗಳನ್ನೂ ಇಪಬ್ ಆಗಿ ಇಳಿಸಿಕೊಳ್ಳಬಹುದು.

ಎರಡನೆಯದು ಪಿಡಿಎಫ್. ಇದರಲ್ಲೇ ಎರಡು ಬಗೆ. ಒಂದು ಬರೀ ಫೋಟೋ, ಅಂದರೆ ಸ್ಕ್ಯಾನ್. ಇಂಟರ್‌ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳು ಹೀಗಿವೆ. ಅಲ್ಲಿ ತಾನಾಗಿ ತಯಾರಾದ ಇಪಬ್ ಕೂಡ ಕಾಣಿಸಬಹುದು, ಅದರಲ್ಲಿ ಕನ್ನಡ ಕಲಸುಮೇಲೋಗರ ಆಗಿರುವುದು ಸಾಮಾನ್ಯ. ಪಿಡಿಎಫ್ ಅನ್ನೇ ಇಳಿಸಿಕೊಳ್ಳಿ. ಇನ್ನೊಂದು ಬಗೆ ಕಂಪ್ಯೂಟರಿನಲ್ಲಿ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶದಲ್ಲಿ ಅಕ್ಷರ ಜೋಡಿಸಿದ್ದು. ನೋಡಲು ಚೊಕ್ಕಟವಾಗಿರುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂದರೆ ಅದು ಹಳೆಯ ಫಾಂಟು. ಅದನ್ನು ಸುಲಭವಾಗಿ ಇಪಬ್ ಮಾಡಲಾಗದು. ಸ್ಕ್ಯಾನ್ ಎಂದೇ ಲೆಕ್ಕ ಹಾಕಿ.

ಮೂರನೆಯದು ಆ್ಯಪ್ ಪುಸ್ತಕ. ಮೈಲ್ಯಾಂಗ್‌ನಂಥ ಕನ್ನಡ ಆ್ಯಪ್‌ನಲ್ಲಿ ಕೊಂಡ ಪುಸ್ತಕ ಆ ಆ್ಯಪ್ ಓಡುವ ಕಡೆ ಮಾತ್ರ ತೆರೆಯುತ್ತದೆ. ಕಿಂಡಲ್, ಕೋಬೊ ಇ-ರೀಡರ್‌ಗಳಲ್ಲಿ ಆ್ಯಪ್ ಹಾಕಲು ಬರುವುದಿಲ್ಲ. ಕಿಂಡಲ್ ಅಂಗಡಿಯಲ್ಲಿ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದರು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡ ಓದುಗರಾಗಿ ನನಗೆ ಈ ಬೇಸರ ಇನ್ನೂ ಹೋಗಿಲ್ಲ.

ಮೂರರಲ್ಲಿ ಯಾವ ಗುಂಪು ದೊಡ್ಡದು ಎಂದು ನೋಡಿ. ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ.

ಹಂತ 5: ಸ್ಕ್ರೀನಿನ ಅಳತೆಯನ್ನು ಪುಸ್ತಕದ ಪುಟಕ್ಕೆ ಹೋಲಿಸಿ

ಪಿಡಿಎಫ್ ಗುಂಪು ದೊಡ್ಡದಿದ್ದವರು ಇದನ್ನು ನಿಧಾನವಾಗಿ ಓದಿ.

ಕನ್ನಡದ ಕಥೆ ಕಾದಂಬರಿಗಳು ಬಹಳಷ್ಟು ಡೆಮಿ 1/8 ಅಳತೆಯಲ್ಲಿ ಅಚ್ಚಾಗುತ್ತವೆ. ಪುಟ ಸುಮಾರು 14 ಸೆಂಟಿಮೀಟರ್ ಅಗಲ, 21.5 ಸೆಂಟಿಮೀಟರ್ ಉದ್ದ. 6 ಇಂಚಿನ ಸ್ಕ್ರೀನ್ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದ. ಇಡೀ ಪುಟವನ್ನು ಅದರೊಳಗೆ ಕೂರಿಸಿದರೆ ಅಕ್ಷರ ಮೂಲದ ಅರ್ಧಕ್ಕಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಇಂಗ್ಲಿಷ್ ಅಕ್ಷರ ಆ ಗಾತ್ರದಲ್ಲೂ ಹೇಗೋ ಗುರುತಾದೀತು. ಕನ್ನಡದಲ್ಲಿ ಒತ್ತಕ್ಷರ ಇನ್ನೂ ಚಿಕ್ಕದಾಗಿ ಕೆಳಗೆ ಕೂತಿರುತ್ತದೆ. ಥಾವತ್ತೋ ಧಾವತ್ತೋ ತಿಳಿಯದೆ ಕಣ್ಣು ಕಿರಿದು ಮಾಡಬೇಕಾಗುತ್ತದೆ.

ಇದಕ್ಕೆ ಉಪಾಯ ಅಂಚು ಕತ್ತರಿಸುವುದು. ನಾಲ್ಕೂ ಕಡೆಯ ಖಾಲಿ ಜಾಗ ತೆಗೆದರೆ ಅಚ್ಚಾದ ಭಾಗ ಸುಮಾರು 10.5 ಸೆಂಟಿಮೀಟರ್ ಅಗಲ, 17 ಸೆಂಟಿಮೀಟರ್ ಉದ್ದ ಉಳಿಯುತ್ತದೆ. 6 ಇಂಚಿನಲ್ಲಿ ಈಗ ಅಕ್ಷರ ನೂರಕ್ಕೆ 70 ಭಾಗ. ಸಾಧನವನ್ನು ಅಡ್ಡ ತಿರುಗಿಸಿದರೆ ಅಕ್ಷರ ಅಚ್ಚಿನಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡದು, ಆದರೆ ಒಂದು ಪುಟಕ್ಕೆ ಎರಡು ಮೂರು ಸಲ ಸರಿಸಬೇಕು. 7.8 ಇಂಚಿನ ಸ್ಕ್ರೀನ್ ಇದ್ದರೆ, ಅಂಚು ಕತ್ತರಿಸಿದ ಪುಟ ನೂರಕ್ಕೆ 90 ಭಾಗ ಗಾತ್ರದಲ್ಲಿ ನೆಟ್ಟಗೆ ಕೂರುತ್ತದೆ. ಇದು ಅಚ್ಚಾದ ಪುಸ್ತಕಕ್ಕೆ ತೀರಾ ಹತ್ತಿರ. 10 ಇಂಚಿನದರಲ್ಲಿ ಕತ್ತರಿಸುವ ಗೋಜೇ ಇಲ್ಲ.

ಹಾಗಾಗಿ ಕನ್ನಡ ಸ್ಕ್ಯಾನ್ ಓದುವವರಿಗೆ ನನ್ನ ಸಲಹೆ ಸ್ಪಷ್ಟ. 6 ಇಂಚಿನ ಇ-ರೀಡರ್ ಎಷ್ಟೇ ಅಗ್ಗ ಸಿಕ್ಕರೂ ಬೇಡ. 7.8 ಇಂಚು ಅಥವಾ ಅದಕ್ಕಿಂತ ದೊಡ್ಡದು ನೋಡಿ. ಜೊತೆಗೆ 300 ಪಿಪಿಐ (ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ) ಇರಲಿ. ಹಳೆಯ ಬೇಸಿಕ್ ಕಿಂಡಲ್‌ಗಳು 167 ಪಿಪಿಐ ಇದ್ದವು, 2022ರ ಮಾದರಿಯಿಂದ 300 ಆಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳಿ.

ಹಂತ 6: ಕನ್ನಡ ಅಕ್ಷರ ಪರೀಕ್ಷೆ ಮಾಡಿ

ಇಪಬ್ ಓದುವವರು ಕೊಳ್ಳುವ ಮುಂಚೆ, ಇಲ್ಲವೇ ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ಇದನ್ನು ಮಾಡಲೇಬೇಕು. ಲಿಬ್ರೆ ಆಫೀಸ್ ರೈಟರ್ ತೆರೆಯಿರಿ. ಈ ಪದಗಳನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ: ಸ್ತ್ರೀ, ರಾಷ್ಟ್ರೀಯ, ಸ್ವಾತಂತ್ರ್ಯ, ಜ್ಞಾನ, ಕ್ಷೇತ್ರ, ಅರ್ಥ, ಕೃಷ್ಣ, ಹೃದಯ, ಒಗ್ಗಟ್ಟು. ಫೈಲನ್ನು ಇಪಬ್ ಆಗಿ ರಫ್ತು ಮಾಡಿ, ಸಾಧನಕ್ಕೆ ಹಾಕಿ (ಕಿಂಡಲ್ ಆದರೆ ಸೆಂಡ್ ಟು ಕಿಂಡಲ್ ಮೂಲಕ ಕಳಿಸಿ), ತೆರೆಯಿರಿ.

"ಸ್ತ್ರೀ" ಒಂದೇ ಅಕ್ಷರವಾಗಿ ನಿಂತಿದೆಯಾ, ಇಲ್ಲ ಅರ್ಧಾಕ್ಷರಗಳಾಗಿ ಚೆಲ್ಲಾಪಿಲ್ಲಿ ಆಗಿದೆಯಾ? "ಅರ್ಥ"ದಲ್ಲಿ ಅರ್ಕಾವತ್ತು ತನ್ನ ಜಾಗದಲ್ಲಿದೆಯಾ? "ಸ್ವಾತಂತ್ರ್ಯ"ದ ಕೊನೆಯ ಒತ್ತಿನ ಬುಡ ಕೆಳಗಿನ ಸಾಲಿಗೆ ತಾಗಿ ಕತ್ತರಿಸಿ ಹೋಗಿದೆಯಾ? ಕೊನೆಯ ತೊಂದರೆ ಮಾತ್ರ ಇದ್ದರೆ ಸಾಲುಗಳ ಅಂತರ ಜಾಸ್ತಿ ಮಾಡಿ, ಸರಿಹೋಗುತ್ತದೆ. ಅಕ್ಷರವೇ ಒಡೆದಿದ್ದರೆ ಆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಚೌಕಟ್ಟು ಚೌಕಟ್ಟಾಗಿ ಕಂಡರೆ ಫಾಂಟ್ ಇಲ್ಲ ಎಂದರ್ಥ. ಕಿಂಡಲ್, ಕೋಬೊ ಎರಡರಲ್ಲೂ ಯುಎಸ್‌ಬಿ ಕೇಬಲ್ ಸಿಕ್ಕಿಸಿ ಫಾಂಟ್ಸ್ ಎಂಬ ಫೋಲ್ಡರ್‌ಗೆ ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಬಹುದು. ಆಮೇಲೆ ಮತ್ತೆ ಪರೀಕ್ಷೆ ಮಾಡಿ.

ಇಲ್ಲೇ ಕೆಒರೀಡರ್ ಎಂಬ ಉಚಿತ ತಂತ್ರಾಂಶದ ಹೆಸರು ಹೇಳಬೇಕು. ಕೋಬೊ, ಪಾಕೆಟ್‌ಬುಕ್, ಆಂಡ್ರಾಯ್ಡ್ ಸಾಧನಗಳ ಮೇಲೆ ಓಡುತ್ತದೆ. ಸರಿಯಾದ ಫಾಂಟ್ ಕೊಟ್ಟರೆ ಕನ್ನಡದ ಒತ್ತಕ್ಷರ ಜೋಡಿಸುತ್ತದೆ. ಸ್ಕ್ಯಾನ್ ಪುಟದ ಅಂಚು ತಾನೇ ಕತ್ತರಿಸುತ್ತದೆ. ಮಾಸಿದ ಅಕ್ಷರವನ್ನು ಕಪ್ಪಗೆ ಮಾಡುವ ಆಯ್ಕೆಯೂ ಇದೆ. ಹಳದಿಗಟ್ಟಿದ ಹಳೆಯ ಪುಸ್ತಕದ ಸ್ಕ್ಯಾನ್ ಇ-ರೀಡರ್‌ನಲ್ಲಿ ಬೂದು ಬೂದಾಗಿ ಕಾಣುತ್ತದೆ. ಈ ಆಯ್ಕೆಯನ್ನು ಒಂದೆರಡು ಮೆಟ್ಟಿಲು ಏರಿಸಿದರೆ ಹಿನ್ನೆಲೆ ಬೆಳ್ಳಗಾಗಿ ಅಕ್ಷರ ಮೇಲೇಳುತ್ತದೆ. ಹೊರಗಿನ ಬೆಳಕಿನಲ್ಲಿ ಇದರ ಸುಖವೇ ಬೇರೆ.

ಹಂತ 7: ಅಂಗಡಿಯ ಬಾಗಿಲಿಗೆ ಬಂದು ನೋಡಿ

ಅಂಗಡಿಯೊಳಗೆ 500 ಲಕ್ಸ್ ಆಸುಪಾಸು ಇರುತ್ತದೆ. ಅಲ್ಲಿ ಎಲ್ಲ ಟ್ಯಾಬ್‌ಗಳೂ ಚೆಂದ ಕಾಣುತ್ತವೆ. ಡೆಮೊ ಪೀಸನ್ನು ಬಾಗಿಲ ತನಕ ತರಲು ಕೇಳಿ. ಸಂಕೋಚ ಬೇಡ. ಬ್ರೈಟ್‌ನೆಸ್ ಪೂರ್ತಿ ಏರಿಸಿ. ಒಂದು ಕನ್ನಡ ಸುದ್ದಿ ಪುಟ ತೆರೆಯಿರಿ. ಬೆನ್ನನ್ನು ರಸ್ತೆಗೆ ಮಾಡಿ ಒಮ್ಮೆ, ಅಂಗಡಿಯ ಕಡೆ ಮಾಡಿ ಒಮ್ಮೆ ಓದಿ. ಎರಡರಲ್ಲೂ ಓದಲು ಬಂದರೆ ಅದು ಹೊರಗಿನ ಕೆಲಸಕ್ಕೆ ಆಗುವ ಟ್ಯಾಬ್.

ಪೆಟ್ಟಿಗೆಯ ಮೇಲೆ ಎರಡು ವಿಷಯ ಹುಡುಕಿ. ಒಂದು, ಎಷ್ಟು ನಿಟ್ಸ್. ಎರಡು, ಪ್ರತಿಫಲನ ತಡೆಯುವ ಲೇಪನ ಇದೆಯಾ. ಎರಡನೆಯದಕ್ಕೆ ಜನ ಬೆಲೆ ಕೊಡುವುದಿಲ್ಲ, ಕೊಡಬೇಕು. ಐಪ್ಯಾಡ್ ಏರ್‌ನ ಲೇಪನದಿಂದ ಪ್ರತಿಫಲನ ನೂರಕ್ಕೆ 1.8ಕ್ಕೆ ಇಳಿಯುತ್ತದೆ. ಸಾಮಾನ್ಯ ಐಪ್ಯಾಡ್‌ನಲ್ಲಿ ಆ ಲೇಪನವಿಲ್ಲ. 11 ಇಂಚಿನ ಏರ್ ಆದರೆ ಎರಡರದ್ದೂ 500 ನಿಟ್ಸೇ, ಹೊರಗೆ ಕಾಣುವುದು ಬೇರೆ ಬೇರೆ. ಟಿಸಿಎಲ್‌ನ ನೆಕ್ಸ್ಟ್‌ಪೇಪರ್ ಟ್ಯಾಬ್‌ಗಳ ಮೈ ಮ್ಯಾಟ್ ಆಗಿರುತ್ತದೆ. ನೆರಳಲ್ಲಿ ಹಿತವಾಗಿರುತ್ತವೆ. ಆದರೆ ಒಳಗಿರುವುದು ಎಲ್‌ಸಿಡಿಯೇ, ಅವನ್ನು ಇ-ರೀಡರ್ ಎಂದುಕೊಂಡು ಕೊಳ್ಳಬೇಡಿ.

ಕೈಯಲ್ಲಿ ಹಿಡಿದು ತೂಕವೂ ನೋಡಿ. ಬೇಸಿಕ್ ಕಿಂಡಲ್ 158 ಗ್ರಾಂ, 2024ರ ಕಿಂಡಲ್ ಪೇಪರ್‌ವೈಟ್ 211 ಗ್ರಾಂ, ಹತ್ತನೇ ತಲೆಮಾರಿನ ಐಪ್ಯಾಡ್ 477 ಗ್ರಾಂ. ಮೇಜಿಲ್ಲದ ಕಡೆ ಒಂದೇ ಕೈಯಲ್ಲಿ ಹಿಡಿದು ಕೂತಾಗ ಈ ವ್ಯತ್ಯಾಸ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಬಣ್ಣದ ಇ-ರೀಡರ್ ಬಗ್ಗೆ ಎರಡು ಮಾತು. ಇವುಗಳಲ್ಲಿ ಬರುವ ಕಲೈಡೊ 3 ಎಂಬ ಸ್ಕ್ರೀನ್‌ನಲ್ಲಿ ಕಪ್ಪು ಅಕ್ಷರಕ್ಕೆ 300 ಪಿಪಿಐ, ಬಣ್ಣಕ್ಕೆ 150. ಬಣ್ಣದ ಜಾಲರಿ ಮೇಲಿರುವುದರಿಂದ ಕೋಣೆಯಲ್ಲಿ ಹಿನ್ನೆಲೆ ಮಂಕು. ಹೊರಗೆ ತಂದರೆ ಬಣ್ಣ ತುಂಬಿಕೊಳ್ಳುತ್ತದೆ. ಮಕ್ಕಳ ಚಿತ್ರಪುಸ್ತಕ, ನಕ್ಷೆ, ಹಕ್ಕಿಗಳ ಕೈಪಿಡಿ ಓದುವವರಿಗೆ ಸರಿ. ಕಾದಂಬರಿ ಮಾತ್ರ ಓದುವವರಿಗೆ ಕಪ್ಪು-ಬಿಳುಪೇ ಮೇಲು.

ಹಂತ 8: ತೀರ್ಮಾನಿಸಿ

ಬೆಳಕು 2,000 ಲಕ್ಸ್ ಒಳಗೆ, ಪುಸ್ತಕಗಳು ಸ್ಕ್ಯಾನ್ ಅಥವಾ ಆ್ಯಪ್‌ನವು: ಟ್ಯಾಬ್ ಸಾಕು. ಇರುವ ಟ್ಯಾಬನ್ನೇ ಇಟ್ಟುಕೊಳ್ಳಿ.

ಬೆಳಕು ಜಾಸ್ತಿ, ಪುಸ್ತಕಗಳು ಬಹುಪಾಲು ಇಂಗ್ಲಿಷ್ ಅಥವಾ ಪರೀಕ್ಷೆಯಲ್ಲಿ ಪಾಸಾದ ಕನ್ನಡ ಇಪಬ್: 6 ಅಥವಾ 7 ಇಂಚಿನ ಕಿಂಡಲ್, ಕೋಬೊ. ಹಗುರ, ಬ್ಯಾಟರಿ ಚಿಂತೆ ಇಲ್ಲ.

ಬೆಳಕು ಜಾಸ್ತಿ, ಪುಸ್ತಕಗಳು ಸ್ಕ್ಯಾನ್ ಮತ್ತು ಆ್ಯಪ್: ಆಂಡ್ರಾಯ್ಡ್ ಇರುವ ದೊಡ್ಡ ಇ ಇಂಕ್ ಸಾಧನ. ಓನಿಕ್ಸ್ ಬೂಕ್ಸ್ ಇಂಥವನ್ನು ಮಾಡುತ್ತದೆ. ಕನ್ನಡ ಆ್ಯಪ್‌ಗಳನ್ನು ಇವುಗಳಲ್ಲಿ ಹಾಕಿಕೊಳ್ಳಬಹುದು. ಬೆಲೆ ಜಾಸ್ತಿ, ಬ್ಯಾಟರಿ ಸಾಮಾನ್ಯ ಇ-ರೀಡರ್‌ನಷ್ಟು ಬಾಳುವುದಿಲ್ಲ, ಆ್ಯಪ್‌ನಲ್ಲಿ ಮೇಲೆ ಕೆಳಗೆ ಜಾರಿಸಿದಾಗ ನೆರಳು ನೆರಳಾಗಿ ಹಳೆಯ ಅಕ್ಷರ ಉಳಿಯುತ್ತದೆ. ಇಷ್ಟೆಲ್ಲ ಇದ್ದರೂ ಹೊರಗೆ ಕೂತು ಕನ್ನಡವನ್ನೇ ಹೆಚ್ಚು ಓದುವವರಿಗೆ ನಾನು ಹೇಳುವುದು ಇದನ್ನೇ. ವಿದೇಶದಲ್ಲಿರುವ ನೆಂಟರ ಕೈಲಿ ತರಿಸುವುದಾದರೆ ವಾರಂಟಿ ಇಲ್ಲಿ ನಡೆಯುತ್ತದಾ ಎಂದು ಮೊದಲೇ ಕೇಳಿಸಿ.

ಬ್ಯಾಟರಿಯ ಅಂಕಿ ಓದುವಾಗ ಎಚ್ಚರ. ಪೇಪರ್‌ವೈಟ್‌ಗೆ 12 ವಾರ ಎಂದಿರುತ್ತದೆ. ಅದು ದಿನಕ್ಕೆ ಅರ್ಧ ಗಂಟೆ ಓದಿ, ವೈಫೈ ಆಫ್ ಮಾಡಿ, ಲೈಟು ಮಧ್ಯಮ ಇಟ್ಟ ಲೆಕ್ಕ. ಒಟ್ಟು 42 ಗಂಟೆ ಆಯಿತು. ಐಪ್ಯಾಡ್‌ಗೆ 10 ಗಂಟೆ ಅನ್ನುತ್ತಾರೆ, ಹೊರಗೆ ಬ್ರೈಟ್‌ನೆಸ್ ಪೂರ್ತಿ ಇಟ್ಟಾಗ ಅಷ್ಟು ಬರುವುದಿಲ್ಲ. ಇ-ರೀಡರ್‌ನ ಲೈಟನ್ನು ಹೊರಗೆ ಆಫ್ ಮಾಡುವುದರಿಂದ ಅದರ ಅಂಕಿ ಇನ್ನೂ ಬೆಳೆಯುತ್ತದೆ.

ಹಂತ 9: ಹೊರಗಿನ ಓದಿಗೆ ಹೊಂದಿಸಿಕೊಳ್ಳಿ

ಟ್ಯಾಬ್‌ನಲ್ಲಿ ಡಾರ್ಕ್ ಮೋಡ್ ಆಫ್ ಮಾಡಿ. ಕಪ್ಪು ಹಿನ್ನೆಲೆ ಹೊರಗೆ ಅಪ್ಪಟ ಕನ್ನಡಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಸಾಧ್ಯವಾದರೆ ದಪ್ಪ ಫಾಂಟ್ ಇಡಿ. ಆಟೊ ಬ್ರೈಟ್‌ನೆಸ್ ಆನ್ ಇಟ್ಟು ನೋಡಿ. ಕೆಲವು ಮಾದರಿಗಳು ತಮ್ಮ ಪೂರ್ತಿ ಹೊಳಪನ್ನು ಆಟೊದಲ್ಲಿ ಮಾತ್ರ ಕೊಡುತ್ತವೆ. ಮ್ಯಾಟ್ ಫಿಲ್ಮ್ ಅಂಟಿಸಿದರೆ ಕನ್ನಡಿ ಬಿಂಬ ಹೋಗುತ್ತದೆ, ಆದರೆ ನೇರ ಬಿಸಿಲಲ್ಲಿ ಇಡೀ ಸ್ಕ್ರೀನು ಹಾಲು ಹಾಲಾಗುತ್ತದೆ. ನೆರಳಿನಲ್ಲೇ ಓದುವವರು ಹಾಕಿಸಿಕೊಳ್ಳಿ. ಬೆರಳಚ್ಚು ಒರೆಸಲು ಒಂದು ಮೆತ್ತನೆಯ ಬಟ್ಟೆ ಸದಾ ಜೊತೆಗಿರಲಿ.

ಇ-ರೀಡರ್‌ನಲ್ಲಿ ಹಗಲು ಲೈಟ್ ಸೊನ್ನೆಗೆ ಇಳಿಸಿ, ವೈಫೈ ಆಫ್ ಮಾಡಿ. ಅಕ್ಷರ ತುಸು ದಪ್ಪ ಮಾಡಿ. ಕನ್ನಡಕ್ಕೆ ಸಾಲಿನ ಅಂತರ ಒಂದು ಮೆಟ್ಟಿಲು ಜಾಸ್ತಿ ಇಡಿ.

ಹಂತ 10: ಬಿಸಿ, ಮಳೆ, ದೂಳು, ಹುಳ

ಐಪ್ಯಾಡ್‌ಗೂ ಕಿಂಡಲ್‌ಗೂ ತಯಾರಕರು ಹೇಳುವ ಬಳಕೆಯ ಮಿತಿ 35 ಡಿಗ್ರಿ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ. ಟ್ಯಾಬ್ ಬಿಸಿಯಾದರೆ ಮೊದಲು ತಾನೇ ಬ್ರೈಟ್‌ನೆಸ್ ಇಳಿಸುತ್ತದೆ. ಆಮೇಲೆ ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸುತ್ತದೆ. ಹಾಗಾದಾಗ ಫ್ರಿಜ್ಜಿನಲ್ಲಿಡಬೇಡಿ, ಒಳಗೆ ತೇವ ಕಟ್ಟುತ್ತದೆ. ಕವರ್ ಬಿಚ್ಚಿ ನೆರಳಲ್ಲಿಡಿ. ಬಿಸಿ ಇರುವಾಗ ಚಾರ್ಜ್ ಹಾಕಬೇಡಿ. ನಿಲ್ಲಿಸಿದ ಕಾರಿನೊಳಗೆ ಎರಡನ್ನೂ ಬಿಟ್ಟು ಹೋಗಬೇಡಿ. ಆ ಭಾಗದವರು ಬೇಸಿಗೆಯಲ್ಲಿ ಹೊರಗಿನ ಓದನ್ನು ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಇಟ್ಟುಕೊಳ್ಳುವುದೇ ಒಳ್ಳೆಯದು.

ಮಲೆನಾಡು, ಕರಾವಳಿಯವರು ಐಪಿಎಕ್ಸ್8 (ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ ಎಂಬ ಗುರುತು) ಇದೆಯಾ ನೋಡಿ. ಪೇಪರ್‌ವೈಟ್‌ನಲ್ಲಿ 2018ರಿಂದ ಇದೆ, ಬೇಸಿಕ್ ಕಿಂಡಲ್‌ನಲ್ಲಿ ಇಲ್ಲ. ಐಪ್ಯಾಡ್‌ಗಳಲ್ಲೂ ಇಲ್ಲ. ಐಪಿಎಕ್ಸ್8 ಇದ್ದರೂ ಅದು ಸಿಹಿನೀರಿನ ಲೆಕ್ಕ, ಸಮುದ್ರದ ಉಪ್ಪುನೀರಿನದಲ್ಲ. ಇರಚಲು ಹನಿ ಬಿದ್ದರೆ ಟಚ್ ಸ್ಕ್ರೀನ್ ಅದನ್ನೇ ಬೆರಳೆಂದು ತಿಳಿದು ಪುಟ ತಿರುಗಿಸುತ್ತದೆ. ಪುಟ ತಿರುಗಿಸುವ ಬಟನ್ ಇರುವ ಕೋಬೊ ಲಿಬ್ರಾದಂಥ ಮಾದರಿ ಇಲ್ಲಿ ಅನುಕೂಲ. ಬೆವರಿದ ಕೈಗೂ ಬಟನ್ನೇ ಹಿತ.

ಕೆಂಪು ಮಣ್ಣಿನ ದೂಳು ಕೂತಾಗ ಬಟ್ಟೆಯಿಂದ ನೇರ ಉಜ್ಜಬೇಡಿ, ಗೆರೆ ಬೀಳುತ್ತದೆ. ಮೊದಲು ಊದಿ, ಆಮೇಲೆ ಒರೆಸಿ.

ಸಂಜೆ ಕತ್ತಲಾದ ಮೇಲೆ ಹೊರಗೆ ಟ್ಯಾಬ್ ಹಿಡಿದರೆ ಹುಳಗಳು ಮುತ್ತುತ್ತವೆ. ಮೊದಲ ಮಳೆಯ ಮರುದಿನ ಮಳೆಹುಳ ಎದ್ದಾಗ ಅಂತೂ ಓದು ಅಸಾಧ್ಯ. ನೀಲಿ ಬೆಳಕಿಗೆ ಹುಳ ಹೆಚ್ಚು ಬರುತ್ತವೆ. ಇ-ರೀಡರ್‌ನಲ್ಲಿ ಬೆಚ್ಚಗಿನ ಹಳದಿ ಲೈಟ್ ಆಯ್ಕೆ ಇದ್ದರೆ ಅದನ್ನು ಆರಿಸಿ, ಓದಲು ಬರುವಷ್ಟು ಕಡಿಮೆ ಇಡಿ. ಟ್ಯಾಬ್‌ನಲ್ಲಿ ನೈಟ್ ಲೈಟ್ ಆನ್ ಮಾಡಿ. ಡಾರ್ಕ್ ಮೋಡ್ ಹೊರಗೆ ಉಪಯೋಗಕ್ಕೆ ಬರುವುದು ಈ ಹೊತ್ತಿನಲ್ಲಿ ಮಾತ್ರ.

ಹಂತ 11: ಮೊದಲ ವಾರ

ಹೊಸದು ಮನೆಗೆ ಬಂದ ಮೇಲೆ ವಾಪಸ್ ಕೊಡಲು ಎಷ್ಟು ದಿನ ಅವಕಾಶವಿದೆ ನೋಡಿಕೊಳ್ಳಿ. ಅಷ್ಟರೊಳಗೆ ನಿಮ್ಮದೇ ಜಾಗದಲ್ಲಿ ಮೂರೂ ಹೊತ್ತು ಓದಿ. ಪಟ್ಟಿಯಲ್ಲಿರುವ ಪುಸ್ತಕಗಳಲ್ಲಿ ಪ್ರತಿ ಗುಂಪಿನ ಒಂದೊಂದನ್ನು ತೆರೆಯಿರಿ. ಒಂದು ಅಧ್ಯಾಯ ಪೂರ್ತಿ ಓದಿ, ಬರೀ ಪುಟ ತಿರುಗಿಸಿ ನೋಡಿದರೆ ಗೊತ್ತಾಗುವುದಿಲ್ಲ. ಇ-ರೀಡರ್ ಆದರೆ ರಾತ್ರಿ ಕತ್ತಲೆ ಕೋಣೆಯಲ್ಲಿ ಲೈಟ್ ಹಾಕಿ, ಖಾಲಿ ಬಿಳಿ ಪುಟ ತೆರೆದು, ಬೆಳಕು ಎಲ್ಲ ಮೂಲೆಗೂ ಸಮನಾಗಿ ಹರಡಿದೆಯಾ, ಎಲ್ಲಾದರೂ ಅಳಿಸದ ಕಪ್ಪು ಚುಕ್ಕೆ ಇದೆಯಾ ನೋಡಿ. ಹಗಲಲ್ಲಿ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಇದೆಲ್ಲ ಮುಗಿಯುವ ತನಕ ಪೆಟ್ಟಿಗೆ, ಬಿಲ್ಲು, ಕೇಬಲ್ ಸುತ್ತಿದ್ದ ಪ್ಲಾಸ್ಟಿಕ್ ಸಮೇತ ಎತ್ತಿಡಿ.